ಒಳಗ ಯಾರರ ಅದೀರೇನ್ರಿ?

ಆಗೂದಲ್ಲ ಅಂದವನು ನನ್ನ ಕಾಕಾ, ಅಪ್ಪನ ಬೆನ್ನಿಗೆ ಬಿದ್ದ ತಮ್ಮ. ಎರಡು ಸಲ ಅಂದ. ಮೊದಲ ಸಲ ನಾನು ಕಾಲೇಜಿಗೆ ಹೆಸರು ಹಚ್ಚಿದಾಗ: ‘ನಮ್ಮ ಮನಿತನದಾಗ ಹೆಣ್ಣುಹುಡುಗಿ ಡಿಗ್ರಿ ಮಾಡೂದು? ಆಗೂದಲ್ಲ ಬಿಡು.’ ಎರಡನೇ ಸಲ, ಅಪ್ಪನ ಹೊಟ್ಟೆಯ ತುಂಬ ಹರಡಿದ ಕ್ಯಾನ್ಸರಿಗೆ ದೊಡ್ಡ ಆಪರೇಷನ್ ಮಾಡಿಸುತ್ತೇನೆ ಅಂತ ನಾನು ಹೊರಟಾಗ: ‘ಚಾಕು ಹಚ್ಚಿದ ಹೊಟ್ಟಿ ಮತ್ತ ಎದ್ದು ಕೂಡೂದು? ಆಗೂದಲ್ಲ.’

ಎರಡೂ ಸಲ ಜಗಳ ರಕ್ತ ಬರುವ ತನಕ ಹೋಯಿತು. ನಮ್ಮದು ಮೆತ್ತಗೆ ಮಾತಾಡುವ ಮನೆಯಲ್ಲ.

ಅಪ್ಪ, ಕಾಕಾ ಇಬ್ಬರದೂ ಹಳೆ ಕಟ್ಟಡ ಒಡೆಯುವ ಕೆಲಸ. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು ನಾಚಾರಂನ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಬಾಡಿಗೆ ಹಿಡಿದಿದ್ದ ನಮ್ಮೂರ ಮಂದಿಯದೇ ಒಂದು ತಂಡ. ಅಪ್ಪ ಅದರ ಮೇಸ್ತ್ರಿ. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಹೆಗಲ ಮೇಲೊಂದು ಏಳುತ್ತಿದ್ದ ಕಾಲ ಅದು. ಕಟ್ಟಿದವರ ಫೋಟೋ ಪೇಪರಿನಲ್ಲಿ ಬರುತ್ತಿತ್ತು. ಅದಕ್ಕೂ ಮೊದಲು ಅಲ್ಲಿ ನಿಂತಿದ್ದನ್ನು ನೆಲಕ್ಕೆ ಕೆಡವಿ ಜಾಗ ಮಾಡಿಕೊಟ್ಟವರು ನಾವು. ಅಪ್ಪ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಸುಣ್ಣದ ಪುಡಿಯಲ್ಲಿ ಬೆಳ್ಳಗಿರುತ್ತಿದ್ದವು. ಅವ್ವ ಬಾಗಿಲಲ್ಲೇ ನಿಲ್ಲಿಸಿ ಬಾರಿಗೆಯಿಂದ ಝಾಡಿಸುತ್ತಿದ್ದಳು. ಅರ್ಧ ಪ್ರೀತಿ, ಅರ್ಧ ಸಿಟ್ಟು.

ಒಡೆಯುವುದಕ್ಕೂ ಒಂದು ರೀತಿ ಇದೆ. ಮೊದಲು ಗೋಡೆಯೊಳಗಿನ ತಂತಿ, ಪೈಪು ಕಿತ್ತು ತೆಗೆಯಬೇಕು. ತಂತಿಯೊಳಗಿನ ತಾಮ್ರಕ್ಕೆ ಬೆಲೆ. ಆಮೇಲೆ ಬಾಗಿಲು, ಕಿಟಕಿ. ಆಮೇಲೆ ಮೇಲಿನಿಂದ ಕೆಳಕ್ಕೆ ಗೋಡೆ. ಇದೆಲ್ಲಕ್ಕೂ ಮೊದಲು ಇನ್ನೊಂದಿತ್ತು, ಅದು ನಮ್ಮ ತಂಡದಲ್ಲಿ ಮಾತ್ರ. ಅಪ್ಪ ಬರಿಗೈಯಲ್ಲಿ ಒಳಗೆ ಹೋಗಿ, ಒಂದೊಂದು ಕೋಣೆಯ ಹೊಸ್ತಿಲಲ್ಲೂ ನಿಂತು ಮೂರು ಭಾಷೆಯಲ್ಲಿ ಕೂಗುತ್ತಿದ್ದ: ‘ಒಳಗ ಯಾರರ ಅದೀರೇನ್ರಿ? ಲೋಪಲ ಎವರೈನಾ ಉನ್ನಾರಾ? ಅಂದರ್ ಕೋಯೀ ಹೈ ಕ್ಯಾ?’ ಕೂಗಿ, ಕಿವಿಗೊಟ್ಟು, ಹೊರಗೆ ಬಂದು ತಲೆ ಆಡಿಸಿದ ಮೇಲೆಯೇ ಮೊದಲ ಪೆಟ್ಟು.

ಈ ಕೂಗು ಸುಮ್ಮನೆ ಹುಟ್ಟಿದ್ದಲ್ಲ. ನಾನಿನ್ನೂ ಸಣ್ಣವಳಿದ್ದಾಗ ಬೇಗಂ ಬಜಾರಿನಲ್ಲಿ ಒಂದು ಹಳೆ ಗೋದಾಮು ಒಡೆಯುತ್ತಿದ್ದರು. ಅಪ್ಪನ ಮೊದಲ ಪೆಟ್ಟಿಗೇ ಅಟ್ಟ ಕುಸಿಯಿತು. ಅದರ ಕೆಳಗೆ ಖಾಲಿ ಚೀಲಗಳ ಮೇಲೆ ಒಬ್ಬ ಹಮಾಲ ಮಲಗಿದ್ದ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಅವನ ಆ ಕಿರುಚಾಟ ಎಷ್ಟೋ ವರ್ಷ ತನ್ನ ಕಿವಿಯಲ್ಲೇ ಇತ್ತು ಅನ್ನುತ್ತಿದ್ದ ಅಪ್ಪ. ಅಂದಿನಿಂದ ಕೂಗದೆ ಸುತ್ತಿಗೆ ಎತ್ತಿದವನಿಗೆ ಅಪ್ಪನ ಕೈಯಿಂದ ಕಪಾಳಮೋಕ್ಷ. ಕಾಕಾನಿಗೂ ಬಿದ್ದಿತ್ತು.

ಇಂಥವರ ಮನೆಯಲ್ಲಿ ನಾನು ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದ ಮೊದಲ ಪದವಿ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೊದಲ ವರ್ಷದಲ್ಲೇ ಕಾಕಾ ಕುಡಿದು ಬಂದು ನನ್ನ ಪುಸ್ತಕದ ಟ್ರಂಕನ್ನು ಗಟಾರಕ್ಕೆ ಎಸೆದಿದ್ದ. ಅಪ್ಪ ಒಂದೂ ಮಾತಾಡದೆ ಎದ್ದು ಅವನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಅರ್ಧ ಮುರಿದು ಅಂಗಳದಲ್ಲಿ ಬಿತ್ತು. ‘ಆ ಹಲ್ಲು ಎತ್ತಿಟ್ಕೋ. ಹುಡುಗಿ ಪಾಸಾದಾಗ ನೋಡಾಕ ಬೇಕಾಗ್ತೈತಿ’ ಅಂದ. ಗಟಾರದಿಂದ ಎತ್ತಿದ ಪುಸ್ತಕ ಬಿಸಿಲಿಗೆ ಒಣಗಿಸಿ ಓದಿದೆ. ಹಾಳೆ ತಿರುವಿದರೆ ಕಡೇ ಪರೀಕ್ಷೆಯವರೆಗೂ ವಾಸನೆ.

ಪದವಿ ಮೇಲೆ ಒಂದು ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ರೆಕಾರ್ಡು ಮಾಡಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ, ಟೈಪು ಮಾಡುವುದು. ಎಸಿ ಹಾಲ್, ಸಾಲಾಗಿ ಹುಡುಗಿಯರು, ಎಲ್ಲರ ಕಿವಿಯಲ್ಲೂ ಬೇರೆ ಬೇರೆ ಹೊಟ್ಟೆ ಕೊಯ್ಯುತ್ತಿರುತ್ತಿದ್ದರು. ಎಲ್ಲಿಂದ ಎಲ್ಲಿಯವರೆಗೆ ಸೀಳಿದೆ, ಯಾವುದನ್ನು ಕತ್ತರಿಸಿದೆ, ಎಷ್ಟು ರಕ್ತ ಹೋಯಿತು. ಕೊನೆಗೆ ಪ್ರತಿ ವರದಿಗೂ ಒಂದೇ ಸಾಲು: ರೋಗಿ ಶಸ್ತ್ರಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಂಡರು. ಬೆರಳು ತಾನೇ ಹೊಡೆಯುತ್ತಿತ್ತು ಆ ಸಾಲನ್ನು. ಅದರ ಅರ್ಥವೇನು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಅಪ್ಪ ಕೆಲಸದ ಮೇಲೆಯೇ ಬಿದ್ದ. ತಿಂಗಳುಗಟ್ಟಲೆ ಹೊಟ್ಟೆ ಬಿಗಿಯುತ್ತಿತ್ತು, ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಅಂತ ಗುಟ್ಟಾಗಿ ಗಿಡಮೂಲಿಕೆ ನುಂಗುತ್ತಿದ್ದನಂತೆ. ಆ ದಿನ ಸುತ್ತಿಗೆ ಎತ್ತಿದವನು ಇಳಿಸಲಿಲ್ಲ. ಹಾಗೇ ಮಂಡಿಯೂರಿ, ಹಸಿರು ವಾಂತಿ ಮಾಡುತ್ತ ಇಟ್ಟಿಗೆ ರಾಶಿಯ ಮೇಲೆ ಮಗುಚಿದ. ಹತ್ತಿರದ ಸಣ್ಣ ದವಾಖಾನೆಯಲ್ಲಿ ಅವಸರದಲ್ಲಿ ಹೊಟ್ಟೆ ತೆರೆದರು. ದೊಡ್ಡ ಕರುಳಿಗೆ ಗಡ್ಡೆ ಕಟ್ಟಿ ದಾರಿ ಮುಚ್ಚಿತ್ತು. ಅಷ್ಟೇ ಅಲ್ಲ, ಒಳಗಿನ ಪೊರೆಯ ಮೇಲೆಲ್ಲ ಸಾಬೂದಾಣಿ ಚೆಲ್ಲಿದ ಹಾಗೆ ಕಾಳು. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಹೋಗಲು ಒಂದು ಚೀಲ ಅಂಟಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಟ್ಟು ಹೊಲಿದರು. ‘ಮನೆಗೆ ಕರೆದುಕೊಂಡು ಹೋಗಿ. ತಿನ್ನಬೇಕು ಅಂದದ್ದು ತಿನ್ನಿಸಿ’ ಅಂದರು ಅಲ್ಲಿಯ ಡಾಕ್ಟರು, ನನ್ನ ಮುಖ ನೋಡದೆ.

ನಾನು ಆ ವರದಿ ಓದಿದೆ. ಅದರ ಒಂದೊಂದು ಶಬ್ದವೂ ನನ್ನ ಬೆರಳಿಗೆ ಗೊತ್ತಿತ್ತು. ಇದೇ ಶಬ್ದಗಳಿದ್ದ ಯಾರ್ಯಾರದೋ ಹೊಟ್ಟೆಗಳನ್ನು ಮತ್ತೆ ತೆರೆದು, ಕಾಣುವುದನ್ನೆಲ್ಲ ಕಿತ್ತು ತೆಗೆದು, ಕಾಯಿಸಿದ ಔಷಧ ಸುರಿದು ತೊಳೆದ ವರದಿಗಳನ್ನು ನಾನೇ ಟೈಪು ಮಾಡಿದ್ದೆ. ಊರೂರು ಕೇಳಿ, ನಮ್ಮ ಹೈದರಾಬಾದಿನಲ್ಲೂ ಅದನ್ನು ಮಾಡುವವರೊಬ್ಬರು ಇದ್ದಾರೆ ಅಂತ ಪತ್ತೆ ಹಚ್ಚಿದೆ. ನನ್ನ ಕಂಪನಿಯ ವಿಮೆಯಲ್ಲಿ ತಂದೆತಾಯಿಯೂ ಇದ್ದರು. ಆ ಗಟಾರದ ವಾಸನೆಯ ಪುಸ್ತಕ ಇಲ್ಲದಿದ್ದರೆ ಆ ಕೆಲಸ ಇಲ್ಲ, ಆ ಕೆಲಸ ಇಲ್ಲದಿದ್ದರೆ ಆ ಬಾಗಿಲೊಳಗೆ ಕಾಲಿಡುವ ಧೈರ್ಯವೂ ಇಲ್ಲ. ಇದನ್ನು ಎದೆ ಮುಟ್ಟಿಕೊಂಡು ಹೇಳುತ್ತೇನೆ.

ಸರ್ಜನ್ ಹೆಂಗಸು. ಗಿಡ್ಡ, ಗಟ್ಟಿ ಕೈ, ತೆಲುಗು ಮಾತು. ಮೊದಲು ಕೆಲವು ತಿಂಗಳು ಕೀಮೋ ಕೊಟ್ಟು ರೋಗ ಬಗ್ಗುತ್ತದೋ ನೋಡಿದರು. ಬಗ್ಗಿತು. ಆಮೇಲೆ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಏನೂ ಮುಚ್ಚಿಡದೆ ಹೇಳಿದರು. ಎದೆಮೂಳೆಯಿಂದ ಕೆಳಗಿನ ತನಕ ತೆರೆಯುತ್ತೇನೆ. ರೋಗ ಹತ್ತಿದ ಪೊರೆಯನ್ನೆಲ್ಲ ಸುಲಿಯುತ್ತೇನೆ, ಹತ್ತಿದ ಅಂಗ ತೆಗೆಯುತ್ತೇನೆ. ಕೊನೆಗೆ ಮೈಕಾವಿಗಿಂತ ಬಿಸಿಯಾದ ಔಷಧದ ನೀರನ್ನು ಹೊಟ್ಟೆಯೊಳಗೆ ಸುತ್ತಾಡಿಸುತ್ತೇನೆ, ಕಣ್ಣಿಗೆ ಕಾಣದ್ದು ಸಾಯಲಿ ಅಂತ. ಟೇಬಲ್ ಮೇಲೆಯೇ ಜೀವ ಹೋಗಬಹುದು. ಬದುಕಿದರೂ ರೋಗ ಮರಳಿ ಬರಬಹುದು.

ಅಪ್ಪ ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದ: ‘ಅರ್ಧ ಒಡೆದು ಬಿಡುತ್ತೀರೇನಮ್ಮಾ?’

ಅವರಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ: ಅರ್ಧ ಒಡೆದು ಬಿಟ್ಟ ಗೋಡೆ ಒಡೆದವನ ಮೇಲೇ ಬೀಳುತ್ತದೆ, ಅದಕ್ಕೆ ಕೇಳುತ್ತಿದ್ದಾನೆ ಅಂತ.

‘ಅದೇ ನನ್ನ ಲೆಕ್ಕವೂ’ ಅಂದರು ಡಾಕ್ಟರಮ್ಮ. ‘ಪೂರ್ತಿ ತೆಗೆಯಲು ಬರುವಂತಿದ್ದರೆ ಮಾತ್ರ ತೆಗೆಯುತ್ತೇನೆ. ಸಣ್ಣ ಕರುಳಿನ ತುಂಬ ಹಬ್ಬಿದ್ದರೆ ಏನನ್ನೂ ಮುಟ್ಟದೆ ಮುಚ್ಚುತ್ತೇನೆ.’

‘ಹಂಗಾರ ನಡೀರಿ’ ಅಂದ ಅಪ್ಪ, ಕನ್ನಡದಲ್ಲೇ.

ಕಾಕಾ ಒಪ್ಪಲಿಲ್ಲ. ಅವರಿಬ್ಬರ ಅಪ್ಪ, ನನ್ನ ಮುತ್ಯಾನ ಹೊಟ್ಟೆಯನ್ನು ಕಲಬುರಗಿಯಲ್ಲಿ ಕೊಯ್ದಿದ್ದರು. ಹೊಲಿಗೆ ಬಿಚ್ಚುವ ಮೊದಲೇ ಹೋಗಿಬಿಟ್ಟ. ಆ ಹೆಣವನ್ನು ಲಾರಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದವನು ಕಾಕಾ. ಗಾಳಿ ತಾಗಿದರೆ ಈ ರೋಗ ಬೆಂಕಿಯ ಹಾಗೆ ಹಬ್ಬುತ್ತದೆ ಅಂತ ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಆಪರೇಷನ್ನಿನ ಬೆಳಿಗ್ಗೆ ಅಪ್ಪನನ್ನು ಗಾಲಿ ಕುರ್ಚಿಯಲ್ಲಿ ಲಿಫ್ಟಿನ ಹತ್ತಿರ ತಂದಿದ್ದರು. ಕಾಕಾ ತಂಡದ ಇಬ್ಬರನ್ನು ಕರೆದುಕೊಂಡು ಬಂದ. ಕೆಳಗೆ ಆಟೋ ನಿಲ್ಲಿಸಿದ್ದ.

‘ಯಣ್ಣಾ, ಏಳು. ಊರಿಗಿ ಹೋಗೂಣು. ಸಾಯೂದಾದ್ರ ನಮ್ಮ ಮಣ್ಣಾಗ ಸಾಯಿ. ಈ ಹೆಣ್ಣುಮಗಳ ಕೈಯಾಗ ಕೊಯ್ಯಿಸ್ಕೋತೀಯಾ?’

‘ನಮ್ಮವ್ವನ ಹೊಟ್ಟ್ಯಾಗಿಂದ ನಿನ್ನ ಹೊರಗ ಎಳದಾಕಿನೂ ಹೆಣ್ಣುಮಗಳ ಇದ್ಲು. ಆಗ ಸುಮ್ಮ ಬಂದಿಲ್ಲೇನು?’ ಅಂದ ಅಪ್ಪ.

ತಂಡದ ಇಬ್ಬರೂ ನಕ್ಕರು. ಕಾಕಾ ನಗಲಿಲ್ಲ. ಕುರ್ಚಿಯ ಹಿಡಿಕೆಗೆ ಕೈ ಹಾಕಿ ಎಳೆದ. ನಾನು ಅಡ್ಡ ನಿಂತೆ.

‘ಎಲ್ಲಾ ನಿನ್ನಿಂದ! ಎರಡಕ್ಷರ ಕಲ್ತು ಅಪ್ಪನ್ನ ಕೊಲ್ಲಾಕ ಹೊಂಟೀ!’ ಅಂದವನೇ ನನ್ನ ಕಪಾಳಕ್ಕೆ ಬಾರಿಸಿದ. ಕಿವಿಯೊಳಗೆ ಗುಂಯ್ ಅಂತು, ತುಟಿ ಹಲ್ಲಿಗೆ ಸಿಕ್ಕು ಹರಿಯಿತು. ಅಷ್ಟರಲ್ಲಿ ಅವ್ವ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಬೀಸಿದಳು. ಕಾಕಾನ ಕಿವಿಗೆ ಬಿತ್ತು. ಮುಚ್ಚಳ ಹಾರಿ ಅನ್ನ, ಸಾರು ಗೋಡೆಗೆಲ್ಲ ಮೆತ್ತಿಕೊಂಡಿತು. ‘ಮುಟ್ಟು ನೋಡೂಣು ನನ್ನ ಮಗಳನ್ನ! ಮುಟ್ಟು!’ ಕಾಕಾನೊಂದಿಗೆ ಬಂದ ಇಬ್ಬರು ಅವ್ವನ ಕೈ ಹಿಡಿಯಲು ಹೋಗಿ ಉಗುರಿನಿಂದ ಪರಚಿಸಿಕೊಂಡರು. ಸೆಕ್ಯೂರಿಟಿಯವರು ಸೀಟಿ ಊದುತ್ತ ಓಡಿ ಬಂದರು. ಈ ನಡುವೆ ಅಪ್ಪ ಕುರ್ಚಿಯಿಂದ ಬಾಗಿ ಕಾಕಾನ ಅಂಗಿಯ ಕೊರಳಪಟ್ಟಿ ಹಿಡಿದು ಕೆಳಗೆಳೆದ. ತಿಂಗಳುಗಟ್ಟಲೆ ಕೀಮೋ ತಿಂದು ಎಲುಬಾಗಿದ್ದ ಕೈ. ಆದರೂ ಕಾಕಾ ಮಂಡಿಗೆ ಬಂದ.

‘ಕೇಳಿಲ್ಲಿ’ ಅಂದ ಅಪ್ಪ, ಮುಖಕ್ಕೆ ಮುಖ ಹಚ್ಚಿ. ‘ಮೊದಲೊಮ್ಮೆ ಅರ್ಧಾ ಒಡದು ಬಿಟ್ಟಾರ. ಅದು ನನ್ನ ಮ್ಯಾಲ ಬೀಳಾಕತ್ತೈತಿ. ನೀ ಮೇಸ್ತ್ರಿ ಇದ್ರ ಏನ್ ಮಾಡ್ತಿದ್ದಿ? ಹಂಗ ಬಿಟ್ಟು ಆಟೋ ಹತ್ತತಿದ್ದೇನು?’

ಕಾಕಾ ದಾರಿ ಬಿಟ್ಟು ಸರಿದ. ಕಿವಿಯಿಂದ ರಕ್ತ, ಸಾರು ಒಟ್ಟಿಗೆ ಇಳಿಯುತ್ತಿತ್ತು. ಅಪ್ಪನ ಕುರ್ಚಿಯನ್ನು ಒಳಗೆ ತಳ್ಳಿದರು, ಲಿಫ್ಟಿನ ಬಾಗಿಲು ಮುಚ್ಚಿತು. ನೆಲ ಒರೆಸುವಾಕೆ ಬಂದು ನಮ್ಮೆಲ್ಲರಿಗೂ ತೆಲುಗಿನಲ್ಲಿ ಬಯ್ದಳು.

ದಿನವಿಡೀ ಕೂತೆವು. ಆಟೋ ವಾಪಸ್ ಕಳಿಸಿ ಕಾಕಾನೂ ಕೂತ, ನಮ್ಮಿಂದ ದೂರ, ಕಿವಿಗೆ ಹತ್ತಿ ಹಿಡಿದುಕೊಂಡು. ಆಪರೇಷನ್ ಕೋಣೆಯ ಬಾಗಿಲು ಬೇಗ ತೆರೆದರೆ ಕೆಟ್ಟ ಸುದ್ದಿ ಅಂತ ನನಗೆ ಗೊತ್ತಿತ್ತು: ಮುಟ್ಟದೆ ಮುಚ್ಚಿದರು ಅಂತ. ಹಾಗಾಗಿ ಬಾಗಿಲು ತೆರೆಯದಿರಲಿ ಅಂತ ಬೇಡಿಕೊಂಡೆ. ಬೇರೆ ರೋಗಿಗಳ ಕಡೆಯವರೆಲ್ಲ ಬಂದರು, ಅತ್ತರು, ಚಹಾ ಕುಡಿದರು, ಹೋದರು. ನಮ್ಮ ಬಾಗಿಲು ತೆರೆಯಲೇ ಇಲ್ಲ.

ಹೊತ್ತು ಮುಳುಗುವ ಮುಂಚೆ ಕರೆದರು. ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅಲ್ಲಿಯ ರೂಢಿ. ಅವ್ವ ಬರಲಾರೆ ಅಂದಳು. ನಾನು ಎದ್ದೆ. ನೋಡಿದರೆ ನನ್ನ ಹಿಂದೆ ಕಾಕಾ.

ಹಸಿರು ಬಟ್ಟೆ ಸರಿಸಿದರು. ಸ್ಟೀಲ್ ಟ್ರೇ ತುಂಬ ನನ್ನ ಅಪ್ಪ. ಮುಷ್ಟಿಯಂಥ ಗಡ್ಡೆ ಹೊತ್ತ ದೊಡ್ಡ ಕರುಳಿನ ತುಂಡು. ಹೊಟ್ಟೆಯೊಳಗೆ ಸೆರಗಿನ ಹಾಗೆ ಇಳಿಬಿದ್ದಿರುವ ಕೊಬ್ಬಿನ ಪೊರೆ, ಅದು ಈಗ ಮೆದುವಾಗಿರದೆ ಗಂಟು ಗಂಟಾದ ಗೋಣಿಯಾಗಿತ್ತು. ಕಪ್ಪುಗೆಂಪು ಗುಲ್ಮ. ಹಳೆ ಗೋಡೆಯ ಗಿಲಾವು ಕೆರೆದು ತೆಗೆದ ಹಾಗೆ ಸುಲಿದ ಪೊರೆಯ ಚೂರುಗಳು, ಅವುಗಳ ಮೇಲೆಲ್ಲ ಆ ಬಿಳಿ ಕಾಳು. ಹಸಿ ಮಾಂಸದ, ಸುಟ್ಟ ಮಾಂಸದ ವಾಸನೆ. ‘ಕಾಣುವಷ್ಟೂ ತೆಗೆದೆ. ಬಿಸಿ ಔಷಧವೂ ಆಯಿತು. ಇನ್ನು ಅವರ ಮೈ ತಾಳಬೇಕು’ ಅಂದರು ಡಾಕ್ಟರಮ್ಮ.

ಆಗ ಅರ್ಥವಾಯಿತು ನಾನು ದಿನಾ ಟೈಪು ಮಾಡುತ್ತಿದ್ದ ಆ ಸಾಲು.

ಕಾಕಾ ಎಷ್ಟು ಮನೆ ಕೆಡವಿದ್ದಾನೋ ಲೆಕ್ಕವಿಲ್ಲ. ಟ್ರೇ ನೋಡಿ ಗೋಡೆ ಹಿಡಿದುಕೊಂಡ. ಹೊರಗೆ ಬಂದ ಮೇಲೆ ಮೊದಲ ಸಲ ನನ್ನನ್ನು ಹುಡುಗಿ ಅನ್ನದೆ ಕೇಳಿದ: ‘ತಂಗೀ, ಇಷ್ಟೆಲ್ಲಾ ತಗದ ಮ್ಯಾಲ ಒಳಗ ಉಳದಾನೇನ ನಮ್ಮಣ್ಣ?’

ಉಸಿರಾಟದ ಯಂತ್ರ ತೆಗೆದ ಮರುದಿನ, ಮಧ್ಯಾಹ್ನ, ಐಸಿಯುನಿಂದ ನನಗೆ ಓಡಿ ಬರಲು ಹೇಳಿದರು. ಅಪ್ಪನ ಬುದ್ಧಿ ಚದುರಿತ್ತು. ದೊಡ್ಡ ಆಪರೇಷನ್ ಆದವರಿಗೆ ಹೀಗಾಗುವುದುಂಟು, ಕೆಲವು ದಿನಕ್ಕೆ ಇಳಿಯುತ್ತದೆ ಅಂದರು. ಇಳಿಯುವ ತನಕ ಉಳಿಯಬೇಕಲ್ಲ? ಅಪ್ಪ ಹಾಸಿಗೆಯಲ್ಲಿ ಅರ್ಧ ಎದ್ದು ಕೂತಿದ್ದ. ಮೂಗಿನ ನಳಿಗೆ ಕಿತ್ತು ನೆಲಕ್ಕೆ ಎಸೆದಿದ್ದ. ಮಣಿಕಟ್ಟಿನ ಸೂಜಿ ಎಳೆದ ಕಡೆಯಿಂದ ರಕ್ತ ಚಿಮ್ಮಿ ಹಾಸಿಗೆ, ಪರದೆ, ನರ್ಸಿನ ಬಿಳಿ ಬೂಟು ಎಲ್ಲ ಕೆಂಪು. ತಡೆಯಲು ಹೋದ ಗಂಡು ನರ್ಸಿನ ಬಾಯಿಗೆ ಮೊಣಕೈ ಬಿದ್ದು ಅವನೂ ರಕ್ತ ಉಗುಳುತ್ತಿದ್ದ. ಅಪ್ಪನ ಕೈ ಈಗ ಹೊಟ್ಟೆಯ ಪಕ್ಕದಿಂದ ಹೊರಬಂದ ದಪ್ಪ ಕೊಳವೆಗಳ ಮೇಲಿತ್ತು. ಹೊಲಿಗೆಯೊಳಗಿನ ಕೆಟ್ಟ ನೀರು ಹೊರಹೋಗಲು ಇಟ್ಟ ಕೊಳವೆ. ಅದನ್ನು ಎಳೆದರೆ ಮುಗಿಯಿತು.

‘ತಂತಿ ಮೊದಲ ಎಳೀರೋ! ಪೈಪ್ ಕೀಳ್ರೋ! ಗ್ವಾಡಿ ಆಮ್ಯಾಲ!’ ಅನ್ನುತ್ತಿದ್ದ, ಒಡೆದ ದನಿಯಲ್ಲಿ.

ನರ್ಸುಗಳಿಗೆ ಕನ್ನಡ ಬಾರದು. ನೋವಿಗೆ ಕೂಗುತ್ತಿದ್ದಾನೆ ಅಂದುಕೊಂಡಿದ್ದರು. ನಾನು ಕೇಳಿದೊಡನೆ ತಿಳಿಯಿತು. ತನ್ನ ಮೈಯನ್ನೇ ಒಡೆಯಬೇಕಾದ ಕಟ್ಟಡ ಅಂತ ತಿಳಿದು ಕೆಲಸ ಶುರು ಮಾಡಿದ್ದ ಅಪ್ಪ. ರೀತಿ ತಪ್ಪದೆ: ತಂತಿ, ಪೈಪು, ಆಮೇಲೆ ಗೋಡೆ.

ಕೈ ಕಟ್ಟಲು ಬಟ್ಟೆ ತಂದರು. ಇಬ್ಬರು ಹಿಡಿದರೂ ಕೈ ಬಗ್ಗಲಿಲ್ಲ. ಹಿಡಿದಷ್ಟೂ ಅವನ ಬಲ ಏರಿತು, ಹೊಟ್ಟೆಯ ಪಟ್ಟಿಯ ಮೇಲೆ ಕೆಂಪು ಹಬ್ಬಿತು. ‘ಯಪ್ಪಾ, ಬಿಡೋ, ಸಾಯ್ತಿ’ ಅಂತ ಅತ್ತೆ. ಕೇಳಲಿಲ್ಲ. ಆಗ ನನ್ನ ಬಾಯಿಂದ ಮೇಸ್ತ್ರಿಯ ದನಿ ಬಂತು, ಅವನದೇ:

‘ಏ! ಯಾರು ಕೈ ಹಚ್ಚಿದವರು? ಕೂಗೀಯೇನು? ಕೂಗದ ಹೆಂಗ ಕೈ ಹಚ್ಚಿದಿ?’

ಕೈ ನಿಂತಿತು. ಕೊಳವೆ ಇನ್ನೂ ಬೆರಳುಗಳ ನಡುವೆಯೇ. ಅಪ್ಪನ ಮುಖದ ಮೇಲೆ ಗಾಬರಿ ಬಂತು, ತಪ್ಪು ಮಾಡಿ ಸಿಕ್ಕಿಬಿದ್ದ ಕೂಲಿಯವನ ಗಾಬರಿ. ಒಣತುಟಿ ಅಲ್ಲಾಡಿತು.

‘ಒಳಗ... ಒಳಗ ಯಾರರ ಅದೀರೇನ್ರಿ?’

ನಾನು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದಿನಿಂದ ಉತ್ತರ ಬಂತು. ಕಾಕಾ. ಬೂಟು ಬಿಚ್ಚದೆ, ಯಾರನ್ನೂ ಕೇಳದೆ ನನ್ನ ಹಿಂದೆ ನುಗ್ಗಿ ಬಂದಿದ್ದ.

‘ಅದೀವೋ ಯಣ್ಣಾ! ಒಳಗ ಮಂದಿ ಅದಾರ! ಸುತ್ತಿಗಿ ಇಳಿಸು!’

‘ಮಂದಿ ಅದಾರ?’

‘ಅದಾರ. ಭಾಳ ಮಂದಿ ಅದಾರ. ಈ ಮನಿ ಒಡಿಯೂದಲ್ಲ. ಕೈ ತಗಿ.’

ಬೆರಳು ಬಿಚ್ಚಿದವು. ಒಬ್ಬ ನರ್ಸು ಕೊಳವೆಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಇನ್ನೊಬ್ಬಳು ಮಣಿಕಟ್ಟು ಒತ್ತಿ ಹಿಡಿದಳು. ಅಪ್ಪ ‘ಮೊದಲ ಹೇಳಬಾರದೇನ್ರೋ’ ಅಂತ ಗೊಣಗಿ ಒರಗಿದ. ಆಮೇಲೆ ಡಾಕ್ಟರಮ್ಮನೇ ಹೇಳಿ, ಕಾಕಾ ಹಾಸಿಗೆಯ ಪಕ್ಕದಲ್ಲಿ ಕೂರಲು ಸ್ಟೂಲು ಹಾಕಿಸಿದರು. ಬುದ್ಧಿ ತಿಳಿಯಾಗುವ ತನಕ ಅಪ್ಪ ಆಗಾಗ ಕೂಗುತ್ತಲೇ ಇದ್ದ. ಕೂಗಿದಾಗೆಲ್ಲ ಕಾಕಾ ‘ಅದೀವಿ’ ಅನ್ನುತ್ತಿದ್ದ. ಮಲಯಾಳಿ ನರ್ಸುಗಳೂ ಆ ಶಬ್ದ ಕಲಿತರು. ಕಾಕಾ ಊಟಕ್ಕೆ ಹೋದರೆ ಅವರೇ ‘ಅದೀವಿ, ಅದೀವಿ’ ಅನ್ನುತ್ತಿದ್ದರು.

ಅಪ್ಪ ಮನೆಗೆ ಬಂದ. ಎದೆಯಿಂದ ಕೆಳಗಿನ ತನಕ ಹೊಲಿಗೆಯ ಗೆರೆ, ಪಕ್ಕದಲ್ಲಿ ಚೀಲ. ಚೀಲ ನೋಡಿ ಹೇಸಿದವರಿಗೆ ‘ಹಳೇ ಮನಿಗಿ ಪೈಪು ಹೊರಗಿಂದನ ಹಾಕ್ತಾರ’ ಅನ್ನುತ್ತಿದ್ದ. ತಿಂಗಳು ಕಳೆದವು. ಸ್ಕ್ಯಾನಿಗೆ ಹೋಗುವ ದಿನ ನಮ್ಮ ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ವಾಸಿಯಾಯಿತು ಅನ್ನುವ ಮಾತನ್ನು ಡಾಕ್ಟರಮ್ಮ ಒಮ್ಮೆಯೂ ಆಡಲಿಲ್ಲ. ‘ಸದ್ಯ ಏನೂ ಕಾಣುತ್ತಿಲ್ಲ’ ಅನ್ನುತ್ತಿದ್ದರು. ಆ ‘ಸದ್ಯ’ದ ಮೇಲೆ ನಾವು ಬದುಕಿದೆವು.

ಕೆಲಸಕ್ಕೆ ಹೋಗುತ್ತೇನೆ ಅಂತ ಅಪ್ಪ ಹಟ ಹಿಡಿದ. ನಾಚಾರಂನಲ್ಲೇ ಮುಚ್ಚಿದ ಕಾರ್ಖಾನೆಯೊಂದನ್ನು ಕೆಡವಿ ಕಂಪ್ಯೂಟರ್ ಕಂಪನಿಗೆ ಕಟ್ಟಡ ಏಳುವುದಿತ್ತು. ಒಡೆಯುವ ಕೆಲಸ ನಮ್ಮ ತಂಡದ್ದು. ಈಗ ಮೇಸ್ತ್ರಿ ಕಾಕಾ. ಹೊಸ ಮಾಲೀಕರ ಕಾಯಿದೆ ಹೊಸದು: ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದವರನ್ನು ಗೇಟಿನೊಳಗೆ ಬಿಡುವುದಿಲ್ಲ. ಅಪ್ಪ ನನ್ನನ್ನು ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದ. ಅವರು ಅವನ ಹೊಟ್ಟೆ ಒತ್ತಿ ನೋಡಿ, ನಕ್ಕು, ಬರೆದು, ಮುದ್ರೆ ಒತ್ತಿಕೊಟ್ಟರು.

ಕಾರ್ಖಾನೆಯ ಗೇಟಿನ ಮುಂದೆ ಅಪ್ಪ ಆ ಸರ್ಟಿಫಿಕೇಟನ್ನು ಕಾಕಾನ ಕೈಗೆ ಕೊಟ್ಟ. ಕಾಕಾ ಅದನ್ನು ನನ್ನ ಕಡೆ ಚಾಚಿದ. ‘ಓದವಾ. ಡಿಗ್ರಿ ಮಾಡೀದಿ ಅಲ್ಲ?’

ಓದಿದೆ. ಭಾರ ಎತ್ತಬಾರದು. ಸುತ್ತಿಗೆ, ಹಾರೆ ಹಿಡಿಯಬಾರದು. ಓಡಾಡುವ ಹಗುರ ಕೆಲಸ ಮಾಡಬಹುದು.

ಅಪ್ಪನ ಮುಖ ಇಳಿಯಿತು. ಕಾಕಾ ಹಾಳೆ ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಆ ಅರ್ಧ ಹಲ್ಲು ಕಾಣುವ ಹಾಗೆ ನಕ್ಕ.

‘ಒಡಿಯೂದು ನಾವು ಒಡೀತೀವಿ ಯಣ್ಣಾ. ಒಳಗ ಹೋಗಿ ಕೂಗೂದು ನೀನ ಕೂಗು. ನನ್ನ ದನಿಗಿ ಬೆಕ್ಕು ಸುದ್ದಾ ಹೊರಗ ಬರವಲ್ದು.’